ಐವತ್ತೆರಡು ಹಾಳೆ, ನಾಲ್ಕು ತೂತು

“ಮುಟ್ಟು ಲೆನ್, ಯಾರು ಬೇಡ ಅಂದ್ರು? ಆದ್ರೆ ಕೈ ತೊಳ್ಕೊಂಡು ಮುಟ್ಟು. ಪೊಲೀಸರ ಕೈ ಅಂದ್ರೆ ನಂಗೆ ಮೊದಲಿಂದ್ಲೂ ಅಷ್ಟಕ್ಕಷ್ಟೇ,” ಎಂದು ರೋಲಂಡ್ ವಿಕ್ ನಕ್ಕ.

ಲೆನಾರ್ಡ್ ಪ್ರುಸಾಕ್ ಮೂಲೆಯ ನಲ್ಲಿಯಲ್ಲಿ ಕೈ ತೊಳೆದು, ಕರವಸ್ತ್ರದಲ್ಲಿ ಒರೆಸಿಕೊಂಡು ಮೇಜಿನ ಬಳಿಗೆ ಬಂದ. ಮಿಲ್‌ವಾಕಿಯ ಹಳೆಯ ಬಿಯರ್ ಉಗ್ರಾಣದ ಮೂರನೆಯ ಮಹಡಿಯಲ್ಲಿದ್ದ ಆ ಸ್ಟುಡಿಯೋದ ಉದ್ದನೆಯ ಮೇಜಿನ ಮೇಲೆ ಐವತ್ತೆರಡು ಹಾಳೆಗಳು ಸಾಲಾಗಿ ಹರಡಿದ್ದವು. ಹಾಳೆಗೊಂದು ಇಂಗ್ಲಿಷ್ ಅಕ್ಷರ. ಇಪ್ಪತ್ತಾರು ದೊಡ್ಡವು, ಇಪ್ಪತ್ತಾರು ಚಿಕ್ಕವು. ಒಂದೊಂದೂ ಅಂಗೈ ಎತ್ತರದ್ದು, ಒಳಗೆ ಕಪ್ಪು ಮಸಿ ತುಂಬಿದ್ದು. ಕಣ್ಣು ಮಂಜಾದ ವೃದ್ಧರೂ ಚರ್ಚಿನ ಮಬ್ಬು ಬೆಳಕಿನಲ್ಲಿ ತಡವರಿಸದೆ ಓದಲೆಂದು ರೂಪಿಸಿದ ಅಚ್ಚಿನ ಅಕ್ಷರಗಳು. ಅವಕ್ಕೆ ‘ಕೆವಾನಿ’ ಎಂದು ಹೆಸರು.

ಮಾರನೆಯ ದಿನ, ಶನಿವಾರ ಮಧ್ಯಾಹ್ನ ಎರಡು ಗಂಟೆಗೆ, ಹೊಸ ಸ್ತೋತ್ರಗೀತೆಗಳ ಪುಸ್ತಕದ ಮೊದಲ ಪುಟ ಅಚ್ಚಿಗೆ ಹೋಗುವುದಿತ್ತು. ಆ ಪುಟದ ಕೆಳಗೆ ಅಕ್ಷರಗಳನ್ನು ರೂಪಿಸಿದವರ ಹೆಸರು ಬರಬೇಕು. ಅದು ತನ್ನ ಹೆಸರೆಂದು ರೋಲಂಡ್ ಹೇಳುತ್ತಿದ್ದ. ತನ್ನ ತಂದೆಯ ಹೆಸರೆಂದು ರುತ್ ಆನ್ ಹೇಳುತ್ತಿದ್ದಳು. ಅವಳ ತಂದೆ ಎಮೆಟ್ ಆಸ್ಟ್ರಾಂಡರ್ ಈ ಸ್ಟುಡಿಯೋದಲ್ಲಿ ರೋಲಂಡನ ಪಾಲುದಾರನಾಗಿದ್ದವನು. ನಾಲ್ಕು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಮಗಳ ಕೈ ಹಿಡಿದು, “ಕೆವಾನಿ ರೋಲಂಡನದಲ್ಲ” ಎಂದು ಹೇಳಿ ಕಣ್ಣು ಮುಚ್ಚಿದ್ದ. ಅದನ್ನು ಸಾಬೀತು ಮಾಡಿಕೊಡಿ ಎಂದು ರುತ್ ಆನ್ ಲೆನಾರ್ಡನ ಬಾಗಿಲು ತಟ್ಟಿ ಇಂದಿಗೆ ಹನ್ನೆರಡು ದಿನ.

ಈಗ ಅವಳು ಕಿಟಕಿಯ ಬಳಿ, ಕೋಟನ್ನೂ ಬಿಚ್ಚದೆ ನಿಂತಿದ್ದಳು. ಹೊರಗೆ ಸರೋವರದ ಗಾಳಿಗೆ ಮಾರ್ಚ್ ತಿಂಗಳ ಕೊನೆಯ ಹಿಮ ತುಂತುರಾಗಿ ಹಾರುತ್ತಿತ್ತು.

ರೋಲಂಡನ ಹೆಂಡತಿ ಡೊಲೊರೆಸ್ ಕಾಫಿಯನ್ನೂ ತಟ್ಟೆಯಲ್ಲಿ ಕ್ರಿಂಗಲ್ ಎಂಬ ಸಿಹಿರೊಟ್ಟಿಯ ತುಂಡುಗಳನ್ನೂ ತಂದಿಟ್ಟಳು.

“ಬಾದಾಮಿ ಕ್ರಿಂಗಲ್. ಇವತ್ತು ಈಸ್ಟರ್ ಉಪವಾಸದ ಶುಕ್ರವಾರ ಅಂತ ಹೆದರ್ಬೇಡ, ಮಾಂಸ ಇಲ್ಲ, ಪಾಪಾನೂ ಇಲ್ಲ. ತಿನ್ನು ಲೆನ್. ಎಷ್ಟು ಇಳಿದು ಹೋಗಿದೀಯ ನೀನು!”

“ಅಡುಗೆ ನಂದೇ ಅಲ್ವಾ ಈಗ,” ಎಂದ ಲೆನಾರ್ಡ್.

ಅವನ ಹೆಂಡತಿ ಇರ್ಮಾ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಇಪ್ಪತ್ತಾರು ವರ್ಷ ಅವಳು ಇದೇ ಸ್ಟುಡಿಯೋದಲ್ಲಿ, ಇದೇ ಡೊಲೊರೆಸಳ ಪಕ್ಕದ ಕುರ್ಚಿಯಲ್ಲಿ ಕುಳಿತು ಮಸಿ ತುಂಬುವ ಕೆಲಸ ಮಾಡಿದ್ದಳು. ಕುರ್ಚಿ ಇನ್ನೂ ಅಲ್ಲೇ ಇತ್ತು. ಲೆನಾರ್ಡ್ ಅತ್ತ ನೋಡದೆ ಕಾಫಿ ಕುಡಿದ.

“ನಿಮಗೆ ಸಾಕ್ಷಿ ಬೇಕು ತಾನೇ?” ಎಂದು ರೋಲಂಡ್ ತೋಳು ಮಡಚಿದ. “ರುತ್ ಆನ್, ನೀನೂ ಹತ್ರ ಬಾ ಮಗಳೇ. ನಿಮ್ಮಪ್ಪ ದೊಡ್ಡ ಮನುಷ್ಯ, ನಾನೇನೂ ಇಲ್ಲ ಅನ್ನಲ್ಲ. ಆದ್ರೆ ಕೆವಾನಿ ನಂದು. ನೋಡು.”

ಅವನು ಹೊಸ ಹಾಳೆ ಎಳೆದುಕೊಂಡು ಪೆನ್ಸಿಲಿನಿಂದ ಎರಡು ಅಡ್ಡ ಗೆರೆ ಹಾಕಿದ. ಆಮೇಲೆ ಚಪ್ಪಟೆ ಕುಂಚವನ್ನು ಮಸಿಯಲ್ಲಿ ಅದ್ದಿ, ಉಸಿರು ಬಿಗಿ ಹಿಡಿದು ಕೆವಾನಿಯ ದೊಡ್ಡ ‘ಆರ್’ ಬರೆದ. ಮೂರೇ ಎಳೆತ. ಎಪ್ಪತ್ತರ ಕೈ ಒಂದಿಷ್ಟೂ ನಡುಗಲಿಲ್ಲ. ಅಪ್ಪನ ಜೊತೆ ಏಣಿ ಹತ್ತಿ ಅಂಗಡಿಗಳ ಬೋರ್ಡು ಬರೆದು ಬೆಳೆದವನು ರೋಲಂಡ್. ಅವನ ಕೈಚಳಕವನ್ನು ಊರಿನಲ್ಲಿ ಯಾರೂ ಅಲ್ಲಗಳೆಯುವಂತಿರಲಿಲ್ಲ.

ಡೊಲೊರೆಸ್ ಹಾಳೆಯನ್ನು ಒಣಗಿಸಲು ಎತ್ತಿಕೊಂಡಳು. ಅದನ್ನು ತಿರುಗಿಸಿ ಹಿಡಿದು ಒಂದು ಕ್ಷಣ ನೋಡಿದಳು.

“‘ಆರ್’ನ ಕಾಲು ಸ್ವಲ್ಪ ಭಾರ ಆಯ್ತು.”

“ನಿನ್ನ ಕೇಳಿದ್ನಾ ನಾನು? ಗೋಡೆಗೆ ಚುಚ್ಚು.”

ಅವಳು ಹಾಳೆಯನ್ನು ನೆಟ್ಟಗೆ ಮಾಡಿ, ಮೇಲಿನ ಎರಡು ಮೂಲೆಗೆ ಎರಡು ಪಿನ್ನು ಚುಚ್ಚಿದಳು. ಗೋಡೆಯ ತುಂಬ ರೋಲಂಡನ ಕೆಲಸವೇ ಇತ್ತು. ಎಲ್ಲವೂ ಹಾಗೆಯೇ ಎರಡೆರಡು ಪಿನ್ನಿನಲ್ಲಿ ತೂಗುತ್ತಿದ್ದವು.

ಲೆನಾರ್ಡನ ಕಣ್ಣು ಆ ಪಿನ್ನುಗಳ ಮೇಲೆ ನಿಂತಿತು. ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ಕೈಬರಹ ಪರೀಕ್ಷಿಸಿದವನು ಅವನು. ಬರಹ ಸುಳ್ಳು ಹೇಳಿದಾಗ ಕಾಗದವನ್ನು ಕೇಳುವುದು ಅವನಿಗೆ ಅಭ್ಯಾಸವಾಗಿತ್ತು. ಜೇಬಿನಿಂದ ಭೂತಗನ್ನಡಿ ತೆಗೆದು ಮೇಜಿನ ಮೇಲಿನ ಮೊದಲ ಹಾಳೆಯ ಅಂಚಿಗೆ ಬಗ್ಗಿದ. ಆಮೇಲೆ ಎರಡನೆಯದು. ಮೂರನೆಯದು.

ಹತ್ತನೆಯ ಹಾಳೆ ಮುಗಿದ ಮೇಲೆ ಭೂತಗನ್ನಡಿಯನ್ನು ಕೆಳಗಿಟ್ಟ. ಅವನು ನೆಟ್ಟಗೆ ನಿಂತು, ಮನಸ್ಸಿನಲ್ಲೇ ದೇವಮಾತೆಯ ಹೆಸರು ಹೇಳಿಕೊಂಡ.

“ರೋಲಂಡ್, ಒಂದು ಕೇಳ್ತೀನಿ. ಬರೆದದ್ದನ್ನ ನೀನು ಯಾವತ್ತಾದ್ರೂ ತಲೆಕೆಳಗೆ ನೇತುಹಾಕಿ ನೋಡಿದ್ದುಂಟಾ?”

“ತಲೆಕೆಳಗಾ? ಅಕ್ಷರ ಅಂದ್ರೆ ಬಾವಲೀನಾ?” ರೋಲಂಡ್ ಗಹಗಹಿಸಿ ನಕ್ಕ. “ನಾನು ಬೋರ್ಡ್ ಬರೆದವನು ಮಾರಾಯ. ಗೋಡೆ ಮೇಲೆ ಬರೀತಾ ಇದ್ರೆ ಕೆಳಗೆ ಅಂಗಡಿಯವನು ಕತ್ತೆತ್ತಿ ಕಾಯ್ತಾ ಇರ್ತಾನೆ. ಕಟ್ಟಡ ಮಗುಚಿ ನೋಡೋಕಾಗುತ್ತಾ? ಒಂದೇ ಸಲ, ನೆಟ್ಟಗೆ ಬರೀಬೇಕು. ಅದೇ ನನ್ನ ಪದ್ಧತಿ, ಐವತ್ತು ವರ್ಷದಿಂದ.”

“ಈ ಹಾಳೆಗಳನ್ನೂ ಹಾಗೇ ಮಾಡಿದ್ದಾ?”

“ಹಾಗೇ.”

“ಸರಿ. ಹಾಗಾದ್ರೆ ಇಲ್ಲಿ ನೋಡು.” ಲೆನಾರ್ಡ್ ‘ಎ’ ಹಾಳೆಯ ಕೆಳ ಅಂಚನ್ನು ಬೆರಳಿನಿಂದ ತೋರಿಸಿದ. “ಮೇಲೆ ಎರಡು ತೂತು. ಕೆಳಗೂ ಎರಡು. ಪ್ರತಿ ಹಾಳೆಗೂ ನಾಲ್ಕು ಇವೆ.”

“ಗಾಳಿಗೆ ಹಾರದೆ ಇರ್ಲಿ ಅಂತ ನಾಲ್ಕೂ ಮೂಲೆಗೆ ಚುಚ್ಚಿರ್ತೀನಿ. ಇದನ್ನ ಕಂಡುಹಿಡಿಯೋಕೆ ಪೊಲೀಸ್ ಬೇಕಾಯ್ತಾ?”

“ನಾನೂ ಹಾಗೇ ಅಂದ್ಕೊಂಡೆ. ರುತ್ ಆನ್, ನೀವು ನೋಡಿ. ಕಾಗದ ಪಿನ್ನಿಂದ ತೂಗಿದ್ರೆ ತನ್ನ ಭಾರಕ್ಕೆ ತೂತು ಉದ್ದ ಆಗುತ್ತೆ. ಯಾವ ಕಡೆಗೆ? ಮೇಲಿದ್ದ ಅಂಚಿನ ಕಡೆಗೆ. ಈ ಮೇಲಿನ ತೂತು ಮೇಲಂಚಿನ ಕಡೆಗೆ ಎಳೆದಿದೆ ಅಲ್ವಾ? ಈಗ ಕೆಳಗಿಂದು ನೋಡಿ.”

ರುತ್ ಆನ್ ಭೂತಗನ್ನಡಿಯಲ್ಲಿ ಇಣುಕಿದಳು. “ಇದು ಕೆಳಗಿನ ಅಂಚಿನ ಕಡೆಗೆ ಎಳೆದಿದೆ.”

“ಅಂದ್ರೆ ಆಗ ಕೆಳಗಿನ ಅಂಚೇ ಮೇಲಿತ್ತು. ಇವನ್ನ ಬರೆದವರು ಒಂದಿಷ್ಟು ದಿನ ನೆಟ್ಟಗೆ ನೇತುಹಾಕಿದ್ದಾರೆ, ಒಂದಿಷ್ಟು ದಿನ ತಲೆಕೆಳಗೆ. ಐವತ್ತೆರಡನ್ನೂ.”

ರೋಲಂಡ್ ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯತೊಡಗಿದ. ಅದು ಮಸಿಯ ಕುಂಚ, ನೀರಿನಲ್ಲಿ ತೊಳೆಯಬೇಕಾದದ್ದು. ಅವನಿಗೆ ಅದರ ಅರಿವಿರಲಿಲ್ಲ.

“ಅಪ್ಪಾ!” ಎಂದು ರುತ್ ಆನ್ ಬಾಯಿಗೆ ಕೈ ಅಡ್ಡ ಹಿಡಿದಳು. ಕಣ್ಣು ತುಂಬಿ ಬಂದಿತ್ತು. “ನಾನು ಹೇಳ್ಲಿಲ್ವಾ ಮಿಸ್ಟರ್ ಪ್ರುಸಾಕ್? ಅಪ್ಪಂದೇ ಅಂತ?”

ಲೆನಾರ್ಡ್ ಅವಳ ಮುಖ ನೋಡಿದ. ಮುಂದಿನ ಪ್ರಶ್ನೆಯನ್ನು ಕೇಳದೆ ಇರಬಹುದಾಗಿದ್ದರೆ ಎಂದು ಅವನಿಗೆ ಅನಿಸಿತು. ಆದರೂ ಕೇಳಿದ.

“ನಿಮ್ಮಪ್ಪ ಬರೆದದ್ದನ್ನ ಹೇಗೆ ಪರೀಕ್ಷೆ ಮಾಡ್ತಿದ್ರು? ನೆನಪಿದೆಯಾ?”

“ನೆನಪಿಲ್ದೆ ಏನು! ಕನ್ನಡೀಲಿ. ಅಕ್ಷರಕ್ಕೆ ಬೆನ್ನು ಹಾಕಿ ನಿಂತು, ಹೆಗಲ ಮೇಲಿಂದ ದುಂಡು ಕನ್ನಡೀಲಿ ನೋಡೋರು. ಅಮ್ಮ ಅದನ್ನೇ ಆಡಿಕೊಂಡು ನಗೋಳು, ಗಡ್ಡ ಹೆರೆಯೋ ಕನ್ನಡಿ ಅಂತ. ಅದಿನ್ನೂ ನನ್ನ ಹತ್ರ...”

ಅವಳು ಮೇಜಿನ ಮೇಲಿನ ಹಾಳೆಗಳತ್ತ ತಿರುಗಿ ನೋಡಿದಳು.

“ತಲೆಕೆಳಗೆ?” ಎಂದ ಲೆನಾರ್ಡ್ ಮೆತ್ತಗೆ.

“ಇಲ್ಲ. ಯಾವತ್ತೂ ಇಲ್ಲ.” ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ಅದು ಇರ್ಮಾಳ ಕುರ್ಚಿ. “ಹಾಗಾದ್ರೆ ಯಾರು?”

ಲೆನಾರ್ಡನಿಗೆ ಮೊದಲ ಹಾಳೆಯಲ್ಲೇ ತಿಳಿದಿತ್ತು. ಹತ್ತನೆಯದರ ತನಕ ಅವನು ಹುಡುಕಿದ್ದು ತಾನು ತಪ್ಪು ತಿಳಿದಿರಬಹುದೆಂಬುದಕ್ಕೆ ಒಂದು ಕಾರಣವನ್ನು. ಅವನ ಅಡುಗೆಮನೆಯ ಕಿಟಕಿಯ ಪಕ್ಕದ ಗೋಡೆಯಲ್ಲಿ ಮೂವತ್ತೆಂಟು ವರ್ಷ ಕಾಗದಗಳು ತಲೆಕೆಳಗಾಗಿ ತೂಗಿದ್ದವು. ಹುಟ್ಟುಹಬ್ಬದ ಕಾರ್ಡು, ಚರ್ಚಿನ ಹಬ್ಬದ ಬ್ಯಾನರಿನ ನಕಲು, ಕೆಲವೊಮ್ಮೆ ಅಂಗಡಿಯ ಚೀಟಿ ಕೂಡ. ಅವನು ರೇಗಿದರೆ ಅವಳು ನಗುತ್ತಿದ್ದಳು. “ನೆಟ್ಟಗಿದ್ರೆ ಕಣ್ಣು ಓದಿಬಿಡುತ್ತೆ ಕಣೋ. ಓದಿದ ಮೇಲೆ ಆಕಾರ ಎಲ್ಲಿ ಕಾಣುತ್ತೆ?”

“ಇರ್ಮಾ,” ಎಂದ ಅವನು. “ಇವು ಇರ್ಮಾ ಬರೆದವು.”

ನಲ್ಲಿಯ ಬಳಿ ಲೋಟ ತೊಳೆಯುತ್ತಿದ್ದ ಡೊಲೊರೆಸಳ ಕೈ ನಿಂತಿತು. ನೀರು ಸುರಿಯುತ್ತಲೇ ಇತ್ತು.

ರೋಲಂಡನಿಗೆ ಮಾತ್ರ ಧೈರ್ಯ ಮರಳಿತು. “ಪಾಪ ಲೆನ್! ಹೆಂಡತಿ ಹೋದ ದುಃಖ, ನನಗೆ ಅರ್ಥ ಆಗುತ್ತೆ. ಇರ್ಮಾ, ಡೊಲೊರೆಸ್, ಇಬ್ರೂ ನನ್ನ ಗೆರೆ ಒಳಗೆ ಮಸಿ ತುಂಬ್ತಿದ್ದೋರು. ಅಷ್ಟೇ. ಸರಿ, ಅವಳು ತಲೆಕೆಳಗೆ ನೇತು ಹಾಕ್ತಿದ್ಲು ಅನ್ನೋದಕ್ಕೆ ಏನಿದೆ ಸಾಕ್ಷಿ?”

“ನಮ್ಮ ಅಡುಗೆಮನೆ ಗೋಡೆ.”

“ನಡಿ, ನೋಡೋಣ. ಕೋಟು ಹಾಕ್ಕೋತೀನಿ.”

ಲೆನಾರ್ಡ್ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡ. ಹೋದ ವರ್ಷ ಈಸ್ಟರಿನ ಹಿಂದಿನ ವಾರ, ಆ ನೂರಾರು ತೂತುಗಳನ್ನು ನೋಡುತ್ತ ಒಬ್ಬನೇ ಊಟ ಮಾಡಲಾಗದೆ, ಅವನೇ ಪುಟ್ಟಿ ತುಂಬಿ ಬಿಳಿ ಬಣ್ಣ ಬಳಿದಿದ್ದ. ಮೂವತ್ತೊಂದು ವರ್ಷ ಸಾಕ್ಷ್ಯ ಕಾಪಾಡಿದ ಮನುಷ್ಯ, ತನ್ನ ಮನೆಯ ಸಾಕ್ಷ್ಯವನ್ನು ತನ್ನ ಕೈಯಾರೆ ಮುಚ್ಚಿದ್ದ.

ಅವನು ಬಾಗಿಲ ಕಡೆಗೆ ಹೆಜ್ಜೆ ಇಡದ್ದನ್ನು ಕಂಡೇ ರೋಲಂಡನಿಗೆ ಉತ್ತರ ಸಿಕ್ಕಿತು. “ಹಾಗಾದ್ರೆ ನಾಳೆ ಎರಡು ಗಂಟೆಗೆ ಅಚ್ಚಿನ ಮನೇಲಿ ಸಿಗೋಣ. ಟೈ ಕಟ್ಕೊಂಡು ಬಾ.”

ಲೆನಾರ್ಡ್ ಟೋಪಿ ಎತ್ತಿಕೊಂಡ. ಬಾಗಿಲ ತನಕ ಬಂದ ಡೊಲೊರೆಸ್ ಉಳಿದ ಕ್ರಿಂಗಲನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟಳು.

“ನಿಮ್ಮತ್ತೆ ಸಮಾಧಿಗೆ ಈ ವರ್ಷ ಹೋಗಿದ್ಯಾ ಲೆನ್?”

“ಇನ್ನೂ ಇಲ್ಲ. ಯಾಕೆ?”

“ಹೋಗ್ಬಾ. ಇವತ್ತೇ ಹೋಗು. ಊಟಕ್ಕೆ ಮುಂಚೆ.” ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು.

*

ರುತ್ ಆನ್ ಪಕ್ಕದಲ್ಲಿ ಕುಳಿತ ಮೇಲೆ ಲೆನಾರ್ಡ್ ಕಾರನ್ನು ಸ್ಮಶಾನದ ಕಡೆಗೆ ತಿರುಗಿಸಿದ.

“ನಾನು ನಿಮ್ಮನ್ನ ಕರೆದದ್ದು ಅಪ್ಪನ ಹೆಸರಿಗೆ,” ಎಂದಳು ರುತ್ ಆನ್. “ನೀವು ನಿಮ್ಮ ಹೆಂಡತಿ ಹೆಸರು ಹೇಳಿದ್ರಿ.”

“ಹೌದು. ಬೇರೆ ಯಾರಾದ್ರೂ ಹಾಗೆ ಮಾಡಿದ್ರೆ ನಾನೂ ನಂಬ್ತಿರ್ಲಿಲ್ಲ. ಬೇಡ ಅನ್ನಿಸಿದ್ರೆ ಇಲ್ಲೇ ಇಳೀರಿ, ತಪ್ಪು ತಿಳ್ಕೊಳಲ್ಲ.”

ಅವಳು ಇಳಿಯಲಿಲ್ಲ. ಎರಡು ಸಿಗ್ನಲ್ ದಾಟಿದ ಮೇಲೆ ಕಣ್ಣೊರೆಸಿಕೊಂಡಳು. “ರೋಲಂಡನದಲ್ಲ ಅಂದ್ರು ಅಪ್ಪ. ನಂದು ಅಂತ ಹೇಳ್ಲೇ ಇಲ್ಲ. ಆ ಮಾತನ್ನ ಸೇರಿಸ್ಕೊಂಡಿದ್ದು ನಾನು.” ಆಮೇಲೆ ಕರವಸ್ತ್ರ ಮಡಚಿಟ್ಟು, “ಬೇಗ ಓಡ್ಸಿ. ನನ್ನ ಅಜ್ಜಿ ಇದಕ್ಕಿಂತ ಜೋರಾಗಿ ಓಡಿಸ್ತಿದ್ರು,” ಎಂದಳು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಲೆನಾರ್ಡನಿಗೆ ಜೋರಾಗಿ ನಗು ಬಂತು.

ಇರ್ಮಾಳ ತಾಯಿ, ಅವನ ಅತ್ತೆ ಯಾಡ್ವಿಗಾ ಕುಬಿಯಾಕ್ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ಪ್ರತಿ ವರ್ಷ ಅವನೂ ಇರ್ಮಾಳೂ ಆ ಕಲ್ಲಿನ ಮುಂದೆ ಮಂಡಿಯೂರಿ ಜಪ ಮಾಡಿ ಬರುತ್ತಿದ್ದರು. ಡೊಲೊರೆಸ್ ಅಲ್ಲಿಗೆ ಕಳಿಸಿದ್ದು ಆ ಕಲ್ಲಿನ ಅಕ್ಷರ ನೋಡಲೆಂದೇ ಇರಬೇಕು. ಹೆಸರು ಅವನ ಕಣ್ಣ ಮುಂದೆಯೇ ಇತ್ತು. ಆದರೆ ಅದರ ಅಕ್ಷರಗಳು ಹೇಗಿದ್ದವು? ‘ಕೆ’ಯ ಕಾಲು ನೆಟ್ಟಗಿತ್ತೋ, ಕೆವಾನಿಯ ‘ಕೆ’ಯಂತೆ ಮಂಡಿಯೂರುವವರ ಕಾಲಿನ ಹಾಗೆ ಮೆಲ್ಲನೆ ಬಾಗಿತ್ತೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹತ್ತೊಂಬತ್ತು ವರ್ಷ ಅವನು ಓದಿದ್ದ. ನೋಡಿರಲಿಲ್ಲ.

ಸ್ಮಶಾನದ ಪೂರ್ವದ ಬೇಲಿಯ ಬಳಿ ಕಾರು ನಿಲ್ಲಿಸಿ ಇಬ್ಬರೂ ಹಿಮದಲ್ಲಿ ಹೆಜ್ಜೆ ಹಾಕಿದರು. ಇರ್ಮಾಳ ಸಮಾಧಿ ಮೊದಲು ಬಂತು. ಅದಕ್ಕೆ ಇನ್ನೂ ಕಲ್ಲಿಲ್ಲ, ಮರದ ಪುಟ್ಟ ಶಿಲುಬೆ ಮಾತ್ರ. ಯಾವ ಅಕ್ಷರದಲ್ಲಿ ಬರೆಸಬೇಕೆಂದು ತಿಳಿಯದೆ ಅವನು ಕಲ್ಲು ಕೆತ್ತುವವನ ಬಳಿಗೆ ಹೋಗಿರಲೇ ಇಲ್ಲ. ಟೋಪಿ ತೆಗೆದು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮುಂದಕ್ಕೆ ನಡೆದ.

ಅತ್ತೆಯ ಕಲ್ಲಿರಬೇಕಾದ ಜಾಗದಲ್ಲಿ ಒಂದು ಆಯತಾಕಾರದ ಗುಂಡಿ ಇತ್ತು. ಅಗೆದ ಮಣ್ಣು ಇನ್ನೂ ಹಸಿಯಾಗಿತ್ತು.

“ಕಲ್ಲು ಎಲ್ಲಿ?” ರುತ್ ಆನ್ ಪಿಸುಗುಟ್ಟಿದಳು.

ಬೇಲಿಯಾಚೆ, ರಸ್ತೆಯ ಎದುರಿಗೆ ಸಮಾಧಿಯ ಕಲ್ಲು ಕೆತ್ತುವ ಆನ್ಸೆಲ್ಮ್ ತೀಲ್ಕೆಯ ಅಂಗಳ. ಅಲ್ಲಿಂದ ಮೆಷಿನ್ ಗುರ್ ಎಂದು ಒಮ್ಮೆ ಸದ್ದು ಮಾಡಿ ನಿಂತಿತು. ಲೆನಾರ್ಡ್ ಅರವತ್ತೆಂಟು ವರ್ಷದ ಮೊಣಕಾಲುಗಳನ್ನು ಮರೆತು ಓಡಿದ.

ಆನ್ಸೆಲ್ಮ್ ಕಿವಿಗೆ ಕಟ್ಟಿದ್ದ ಮಫ್ಲರ್ ಸರಿಸಿದ. ಅವನ ಮುಂದೆ ಹಲಗೆಗಳ ಮೇಲೆ ಯಾಡ್ವಿಗಾಳ ಕಲ್ಲು ಅಂಗಾತ ಮಲಗಿತ್ತು. ಕಲ್ಲು ಉಜ್ಜುವ ಚಕ್ರ ಅವನ ಕೈಯಲ್ಲಿತ್ತು.

“ಬಂದ್ಯಾ? ಹನ್ನೆರಡಕ್ಕೆ ಇನ್ನು ಏಳು ನಿಮಿಷ. ನೀನು ಬರಲ್ಲ ಅಂದ್ಕೊಂಡೇ ಚಕ್ರ ಪರೀಕ್ಷೆ ಮಾಡ್ತಿದ್ದೆ.”

“ಅದನ್ನ ಕೆಳಗಿಡು ಆನ್ಸೆಲ್ಮ್! ಯಾರು ಹೇಳಿದ್ದು ಇದನ್ನ ಕೀಳೋಕೆ?”

“ನೀನೇ!” ಮುದುಕ ಗೋಡೆಯ ಮೇಲಿನ ಕಾಗದ ಕಿತ್ತು ಕೊಟ್ಟ. “ಕಲ್ಲು ಎತ್ತು, ಮುಖ ಉಜ್ಜಿ ಹೊಸದು ಮಾಡು, ತಾಯಿ ಮಗಳ ಹೆಸರು ಒಂದೇ ಕಲ್ಲಲ್ಲಿ ಕೆತ್ತು. ಶುಕ್ರವಾರ ಮಧ್ಯಾಹ್ನದೊಳಗೆ ಬಂದು ನೋಡ್ತೀನಿ, ಬರದಿದ್ರೆ ಉಜ್ಜು. ನಿನ್ನ ಸಹಿ ಇಲ್ವಾ?”

ಇತ್ತು. ಲೆನಾರ್ಡನ ಸಹಿಯೇ. ಬೇರೆಯವರಾಗಿದ್ದರೆ ಅನುಮಾನಿಸುತ್ತಿರಲಿಲ್ಲ. ಅವನು ಕಾಗದವನ್ನು ಬೆಳಕಿಗೆ ಹಿಡಿದ. ಆನ್ಸೆಲ್ಮ್ ಮೊಳೆ ಹೊಡೆದ ಒಂದು ದೊಡ್ಡ ತೂತಲ್ಲದೆ ಕೆಳಗಿನ ಎರಡು ಮೂಲೆಗಳಲ್ಲಿ ಎರಡು ಸಣ್ಣ ತೂತು. ಕೆಳಗಿನ ಅಂಚಿನ ಕಡೆಗೆ ಎಳೆದಿದ್ದವು.

ಸಹಿ ನಕಲು ಮಾಡಿದವರು ಅದನ್ನು ತಲೆಕೆಳಗೆ ನೇತುಹಾಕಿ ನೋಡಿದ್ದರು.

“ಇದನ್ನ ತಂದುಕೊಟ್ಟದ್ದು ಯಾರು?”

“ಒಬ್ಬ ಹೆಂಗಸು. ಮಂಗಳವಾರ. ಬೂದು ಕೋಟು, ಮುಖ ಮುಚ್ಚೋ ಹಾಗೆ ಶಾಲು. ಇನ್ನೊಂದು ಮಾತೂ ಹೇಳಿದ್ಲು. ಏನೇ ಆದ್ರೂ ಬುಡ ಮಾತ್ರ ಉಜ್ಜಬೇಡ ಅಂತ. ಲೆನ್ ಬಂದ್ರೂ ದೇವರ ಇಚ್ಛೆ, ಬರದಿದ್ರೂ ದೇವರ ಇಚ್ಛೆ ಅಂದ್ಲು.”

ರುತ್ ಆನ್ ಆಗಲೇ ಕಲ್ಲಿನ ಪಕ್ಕದಲ್ಲಿ ಮಂಡಿಯೂರಿದ್ದಳು. “ಮಿಸ್ಟರ್ ಪ್ರುಸಾಕ್, ‘ಕೆ’ ನೋಡಿ. ಮೇಜಿನ ಮೇಲಿದ್ದ ಅದೇ ‘ಕೆ’. ಕಾಲು ಹಾಗೇ ಬಾಗಿದೆ. ರೋಲಂಡ್ ಕೆವಾನಿ ಬರೆದೆ ಅನ್ನೋದು ಆರು ವರ್ಷದ ಹಿಂದೆ. ಈ ಕಲ್ಲಿನ ಮೇಲೆ ಹತ್ತೊಂಬತ್ತು ವರ್ಷದ ಹಿಂದಿನ ಇಸವಿ ಇದೆ!”

ಲೆನಾರ್ಡ್ ಕಲ್ಲಿನ ತಲೆಯ ಕಡೆಗೆ ಹೋಗಿ ನಿಂತ. ಅಲ್ಲಿಂದ ಹೆಸರು ತಲೆಕೆಳಗಾಗಿ ಕಂಡಿತು. ಈಗ ಅದು ಅವನ ಅತ್ತೆಯ ಹೆಸರಾಗಿರಲಿಲ್ಲ. ಏರಿ ಇಳಿದು, ಒಂದಕ್ಕೊಂದು ಜಾಗ ಬಿಟ್ಟುಕೊಡುವ ಆಕಾರಗಳಾಗಿತ್ತು. ಎಷ್ಟು ಚೆಂದವಾಗಿತ್ತು! ಇರ್ಮಾ ಇಷ್ಟು ದೊಡ್ಡ ಕೆಲಸಗಾತಿ ಎಂದು ತನಗೆ ತಿಳಿಯದೇ ಹೋಯಿತಲ್ಲ. ಸ್ವಾಮಿ, ಇವತ್ತಾದರೂ ತೋರಿಸಿದೆಯಲ್ಲ ಎಂದುಕೊಂಡ.

“ಬುಡದಲ್ಲಿ ಏನಿದೆ ಆನ್ಸೆಲ್ಮ್?”

“ಮಣ್ಣಲ್ಲಿ ಹೂತಿರೋ ಭಾಗ. ಅಕ್ಷರ ಬರೆದವರು ಅಲ್ಲಿ ತಮ್ಮ ಹೆಸರು ಹಾಕ್ತಾರೆ. ನಮ್ಮಪ್ಪನ ಕಾಲದಿಂದ್ಲೂ ಈ ಅಂಗಳದ ಪದ್ಧತಿ. ಸತ್ತವರ ಹೆಸರಿನ ಪಕ್ಕ ತಮ್ಮದು ಮೆರೀಬಾರದು, ದೇವರಿಗೆ ಕಂಡ್ರೆ ಸಾಕು ಅಂತ. ಹೆಣ್ಣುಮಕ್ಕಳೇ ಕೆತ್ತಿದ್ರು ಅದನ್ನ, ನನ್ನ ಉಳೀಲಿ. ನಾನು ಸುಮ್ನೆ ಚಹಾ ಕುಡೀತಾ ಕೂತಿದ್ದೆ.”

“ಹೆಣ್ಣುಮಕ್ಕಳೇ?” ಎಂದ ಲೆನಾರ್ಡ್. “ಎಷ್ಟು ಜನ?”

ರುತ್ ಆನ್ ಕೈಗವಸು ಕಳಚಿ, ಹಿಮದ ಹಿಡಿಯಿಂದ ಬುಡದ ಕೆಸರನ್ನು ಉಜ್ಜಿದಳು. ಒಂದು ಸಣ್ಣ ಸಾಲು ಮೂಡಿತು. ಮೊದಲು ‘ಇರ್ಮಾ ಪ್ರುಸಾಕ್’. ಅದರ ಮುಂದೆ ಅದೇ ಅಳತೆಯಲ್ಲಿ ಇನ್ನೊಂದು ಹೆಸರು: ‘ಡೊಲೊರೆಸ್ ವಿಕ್’.

ಹಾಳೆಯನ್ನು ತಿರುಗಿಸಿ ಹಿಡಿದು ಒಂದು ಕ್ಷಣ ನೋಡಿದ ಆ ಹೆಂಗಸು ಲೆನಾರ್ಡನ ಕಣ್ಣ ಮುಂದೆ ಬಂದಳು. ಕಾಲು ಸ್ವಲ್ಪ ಭಾರ ಆಯ್ತು. ಅವಳು ಅವನ ಎದುರಿಗೇ ಹೇಳಿದ್ದಳು. ಬುಡದ ಹೆಸರುಗಳು ಅವನ ಕಣ್ಣಿಗೆ ಬೀಳಲೆಂದು ಸಹಿ ನಕಲು ಮಾಡಿ ಕಲ್ಲು ಎತ್ತಿಸಿದವಳೂ ಅವಳೇ.

“ಅವರು ಬದುಕಿದ್ದಾರೆ!” ರುತ್ ಆನ್ ಎದ್ದು ನಿಂತಳು. ಅವಳ ಮುಖದಲ್ಲಿ ಬೆಳಗಿನ ಸೋಲು ಇರಲಿಲ್ಲ. “ನಾಳೆ ಬಂದು ಬಾಯ್ಬಿಟ್ಟು ಒಂದು ಮಾತು ಹೇಳಿದ್ರೆ ಸಾಕು. ಇಬ್ಬರ ಹೆಸರೂ ಬರುತ್ತೆ. ಅಪ್ಪನ ಮಾತೂ ಉಳಿಯುತ್ತೆ.”

“ಗಂಡನ ವಿರುದ್ಧ,” ಎಂದ ಲೆನಾರ್ಡ್. ಫೋನು ತೆಗೆದು ಡೊಲೊರೆಸಳ ನಂಬರು ಒತ್ತಿದ.

ಎರಡನೆಯ ರಿಂಗಿಗೇ ಎತ್ತಿದರು. ರೋಲಂಡನ ಧ್ವನಿ. ಬೆಳಗಿನ ಗತ್ತು ಅದರಲ್ಲಿ ಇರಲಿಲ್ಲ.

“ಲೆನ್? ನೀನಾ? ಅವಳು ನಿನ್ನ ಹತ್ರ ಬಂದಿದಾಳಾ? ಫೋನ್ ಇಲ್ಲೇ ಬಿಟ್ಟು ಹೋಗಿದಾಳೆ ಲೆನ್. ಬೂದು ಕೋಟಿಲ್ಲ, ಪೆಟ್ಟಿಗೆ ಇಲ್ಲ. ಮೇಜಿನ ಮೇಲೆ ಒಂದು ಹಾಳೇನೂ ಇಲ್ಲ. ಐವತ್ತೆರಡನ್ನೂ ತಗೊಂಡು ಹೋಗಿದಾಳೆ!”